ದೊಡ್ಡಪ್ಪನ ಹೊಟ್ಟೆ ಹೇಳಿದ ಸಾಕ್ಷಿ

ಮಧುಗಿರಿಯ ಕೋರ್ಟಿನ ಎದುರು ನಾನು ಜೂನಿಯರ್ ವಕೀಲನಾಗಿರುವ ಆಫೀಸಿನಲ್ಲಿ ನನ್ನ ಮೇಜಿಗೆ ಒಂದೇ ಡ್ರಾಯರು. ಅದರಲ್ಲೊಂದು ತಗಡಿನ ಡಬ್ಬ, ಡಬ್ಬದಲ್ಲಿ ಗುಂಡುಸೂಜಿ. ಮೊನ್ನೆ ಪಾವಗಡದ ಕಕ್ಷಿಗಾರನೊಬ್ಬ ಹಸೀ ಕಡಲೆಕಾಯಿಯ ಚೀಲವನ್ನು ಮೇಜಿನ ಮೇಲಿಟ್ಟು, “ನಮ್ಮ ಚೇನುದೇ ಸಾರ್, ಸ್ವಂತ ಹೊಲದ್ದು, ತಿನ್ನಿ” ಎಂದು ಎದುರಿಗೆ ಕೂತ. ಅವನ ಕಾಗದಗಳಿಗೆ ಸೂಜಿ ಹಾಕಲು ಡಬ್ಬದ ಮುಚ್ಚಳ ತೆಗೆದರೆ ಪುದೀನದ ವಾಸನೆ ತಣ್ಣಗೆ ಮೂಗಿಗೆ ಬಂತು. ಖಾಲಿಯಾಗಿ ವರ್ಷಗಳಾದ ಡಬ್ಬದಲ್ಲಿ ವಾಸನೆ ಉಳಿದಿರಲು ಸಾಧ್ಯವಿಲ್ಲ ಎಂದು ನೀವು ವಾದಿಸಬಹುದು. ಮೂಗು ಬೇರೆಯವರದಾಗಿದ್ದರೆ ನಾನೂ ಹಾಗೇ ವಾದಿಸುತ್ತಿದ್ದೆ. ವಾಸನೆಯ ಹಿಂದೆಯೇ ನನ್ನ ಹೊಟ್ಟೆಯೂ ಒಮ್ಮೆ ಮೆಲ್ಲಗೆ ಗುಡುಗಿತು.

ಡಬ್ಬ ನಮ್ಮ ದೊಡ್ಡಪ್ಪನದು. ಬಡವನಹಳ್ಳಿಯಲ್ಲಿ ಬಸ್ಸಿಳಿದು ಒಳಕ್ಕೆ ನಡೆದರೆ ನಮ್ಮೂರು. ಕುರಿ ಕಾಯ್ದುಕೊಂಡು ಬಂದ ಮನೆತನ ನಮ್ಮದು. ದೊಡ್ಡಪ್ಪ ಶಾಲೆಯ ಮೆಟ್ಟಿಲು ಹತ್ತಿದವರಲ್ಲ, ಆದರೆ ಸುತ್ತಲ ಹಳ್ಳಿಗಳಲ್ಲಿ ಬದುವಿನ ತಕರಾರು, ಪಾಲಿನ ಜಗಳ ಎದ್ದರೆ ನ್ಯಾಯ ಹೇಳಲು ಅವರನ್ನೇ ಕರೆಸುತ್ತಿದ್ದರು. ಅದಕ್ಕೊಂದು ಕಟ್ಟಳೆಯಿತ್ತು. ನ್ಯಾಯ ತೀರುವ ತನಕ ಎರಡು ಕಡೆಯವರ ಮನೆಯಲ್ಲೂ ತೊಟ್ಟು ನೀರು ಮುಟ್ಟುವಂತಿಲ್ಲ. ಒಂದು ಕಡೆಯ ಅನ್ನ ಉಂಡು ನ್ಯಾಯ ಹೇಳಿದರೆ ಅದು ದಕ್ಕುವುದಿಲ್ಲ, ಹೊಟ್ಟೆ ಕೆಟ್ಟು ಊರಿಗೆಲ್ಲ ಗೊತ್ತಾಗುತ್ತದೆ ಎಂದು ನಮ್ಮ ಕಡೆ ಗಟ್ಟಿಯಾಗಿ ನಂಬುತ್ತಿದ್ದರು.

ನಾನಾಗ ತುಮಕೂರಿನ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳ ಹುಲಿ. ಪರ ಎಂದರೆ ಪರ, ವಿರೋಧ ಎಂದರೆ ವಿರೋಧ. ವಿಷಯ ಯಾವುದಾದರೂ ಸರಿ, ಎದುರಿಗೊಬ್ಬರು ಇದ್ದರೆ ಸಾಕು. ಹಾಗಿದ್ದರೆ ಲಂಚ ತಿಂದವರಿಗೆಲ್ಲ ಭೇದಿಯಾಗಬೇಕಿತ್ತಲ್ಲ, ಸರ್ಕಾರ ಕಚೇರಿ ಕಟ್ಟಿಸುವ ಬದಲು ಸಾಲಾಗಿ ಕಕ್ಕಸು ಕಟ್ಟಿಸಬೇಕಿತ್ತಲ್ಲ ಎಂದು ದೊಡ್ಡಪ್ಪನನ್ನು ಕೇಳಿದ್ದೆ. ಅವರು ಕಂಬಳಿ ಕೊಡವುತ್ತ, “ನಿನ್ ಬಾಯಿಗೆ ಕುಕ್ಕೆ ಕಟ್ಬೇಕು ಕಣ್ಲಾ, ಕಣದಾಗಿನ ಎತ್ತಿಗೆ ಕಟ್ದಂಗೆ” ಎಂದಿದ್ದರು.

ಇಷ್ಟು ಕಟ್ಟುನಿಟ್ಟಿನ ಬಾಯಿಗೆ ಒಂದೇ ಚಪಲ, ಸಿಹಿ. ಉಂಡ ಮೇಲೆ ಬೆಲ್ಲದ ಚೂರು ಬಾಯಿಗೆ ಬೀಳದಿದ್ದರೆ ಅವರ ಲೆಕ್ಕದಲ್ಲಿ ಊಟವೇ ಆಗಿಲ್ಲ. ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದ ದಿನ ದೊಡ್ಡಮ್ಮ ಬೆಲ್ಲದ ಗಡಿಗೆಯನ್ನು ಪೆಟ್ಟಿಗೆಯೊಳಗಿಟ್ಟು ಬೀಗದ ಕೈಯನ್ನು ಸೆರಗಿಗೆ ಗಂಟು ಹಾಕಿಕೊಂಡರು. ನಮ್ಮ ಮನೆಯಲ್ಲಿ ಬಂಗಾರಕ್ಕೂ ಅಷ್ಟು ಕಾವಲಿರಲಿಲ್ಲ. ಕಾಯಲು ಬಂಗಾರವೂ ಇರಲಿಲ್ಲ, ಬಿಡಿ.

ದೊಡ್ಡಪ್ಪನ ಸಂಕಟ ಕಂಡು ಮರುಗಿದವರು ಶಿರಾದ ಖಾದರ್ ಸಾಬ್ರು. ಮೀಸೆ ಮೂಡುವ ಕಾಲದಿಂದ ನಮ್ಮ ಕುರಿಗಳನ್ನು ಕೊಳ್ಳುತ್ತಿದ್ದ ವ್ಯಾಪಾರಿ. ಅವರ ಮಗ ಕುವೈತಿನಲ್ಲಿದ್ದ. ರಜಕ್ಕೆ ಬಂದಾಗ ಸಕ್ಕರೆ ಕಾಯಿಲೆಯವರಿಗೆಂದೇ ಮಾಡಿದ ಪೆಪ್ಪರಮೆಂಟಿನ ದೊಡ್ಡ ಡಬ್ಬವೊಂದನ್ನು ತಂದ. ಸಾಬ್ರು ಅದನ್ನು ಹೊತ್ತು ನಮ್ಮೂರಿಗೇ ಬಂದು, ಇದರಲ್ಲಿ ಶಕ್ಕರ್ ಇಲ್ಲ ಗೌಡ್ರೇ, ಖುಷಿಯಾಗಿ ತಿನ್ನಿ ಎಂದು ಕೊಟ್ಟುಹೋದರು. ಹೇಳಿದರೆ ದೊಡ್ಡಮ್ಮ ನಂಬುವವರಲ್ಲ. ಡಬ್ಬ ಕುರಿಹಟ್ಟಿಯ ಸೂರಿನಲ್ಲಿ ಅಡಗಿತು; ದಿನದ ಪಾಲು ಕಂಬಳಿಯ ಮಡಿಕೆ ಸೇರಿತು. ಸಕ್ಕರೆಯೇ ಇಲ್ಲದ ಮೇಲೆ ಎಷ್ಟು ತಿಂದರೇನು? ದೊಡ್ಡಪ್ಪ ಹಿಡಿ ಹಿಡಿಯಾಗಿ ತಿಂದರು.

ಆಗ ಅವರ ಮುಂದಿದ್ದದ್ದು ಅಣ್ಣತಮ್ಮಂದಿರಿಬ್ಬರ ಹುಣಸೆಮರದ ವ್ಯಾಜ್ಯ. ಗುಡಿಯ ಜಗಲಿಯ ಮೇಲೆ ಪಂಚಾಯ್ತಿ ಸೇರಿ ಮಾತು ಬಿಸಿಯೇರುವ ಹೊತ್ತಿಗೆ ದೊಡ್ಡಪ್ಪನ ಹೊಟ್ಟೆ ಮಳೆಗಾಲದ ಮೋಡದಂತೆ ಉರುಳಿತು. ಅವರು ಚೊಂಬು ಹಿಡಿದು ಎದ್ದರು. ಮುಂದಿನ ಸಲ ಸೇರಿದಾಗಲೂ ಅದೇ. ಅಣ್ಣತಮ್ಮಂದಿರಲ್ಲಿ ಕಿರಿಯವ ಈರಣ್ಣ ತಡೆದುಕೊಳ್ಳಲಿಲ್ಲ. “ಅಣ್ಣನ ಮನ್ಯಾಗೆ ಉಂಡವ್ರೆ. ಅದ್ಕೇ ಹೊಟ್ಟೆ ನಿಲ್ತಿಲ್ಲ” ಎಂದುಬಿಟ್ಟ.

ಮಾತು ಬಡವನಹಳ್ಳಿ ಸಂತೆ ಮುಟ್ಟಿತು. ಆಯುಷ್ಯವಿಡೀ ಬೇರೆಯವರ ಹೊಸ್ತಿಲಲ್ಲಿ ಬಾಯಾರಿ ಕೂತು ಗಳಿಸಿದ್ದ ಹೆಸರು ಹೊಟ್ಟೆಯ ದೆಸೆಯಿಂದ ಹೋಗುವುದರಲ್ಲಿತ್ತು. ಮನೆಯಲ್ಲಿ ದೊಡ್ಡಮ್ಮ ಹುರುಳಿಸಾರನ್ನು ದೂರಿ ನಿಲ್ಲಿಸಿದರು. ಹೊಟ್ಟೆ ನಿಲ್ಲಲಿಲ್ಲ. ಮುದ್ದೆ ನಿಲ್ಲಿಸಿದರು, ಉಪ್ಪು ಮೆಣಸಿನಕಾಯಿ ನಿವಾಳಿಸಿ ದೃಷ್ಟಿ ತೆಗೆದರು. ದೊಡ್ಡಪ್ಪ ಬರೀ ಗಂಜಿಗೆ ಬಿದ್ದರು. ಗಂಜಿಯಲ್ಲಿ ಹಸಿವು ತೀರದೆ ಇನ್ನೆರಡು ಪೆಪ್ಪರಮೆಂಟು ಹೆಚ್ಚಿಗೆ ತಿಂದರು.

ನಾನು ರಜಕ್ಕೆ ಬಂದದ್ದು ಆಗ. ಅವರ ಒಂದು ಕೆನ್ನೆ ಉಬ್ಬಿದ್ದು ಕಂಡು ಹಟ್ಟಿಯ ಹಿಂದೆ ಹಿಡಿದೆ. ಎಲ್ಲ ಬಿಟ್ಟಮೇಲೂ ಹೊಟ್ಟೆ ಕೆಡುತ್ತಿದೆಯೆಂದರೆ ಬಿಡದೆ ಉಳಿದದ್ದೇ ಕಾರಣ ಎಂದು ವಾದ ಹೂಡಿದೆ. ದೊಡ್ಡಪ್ಪ ಸೋಲುವವರೇ? “ಸಕ್ಕರೇನೇ ಇಲ್ದಿದ್ದು ಏನ್ಲಾ ಮಾಡ್ತದೆ? ಹಲ್ಲಿಲ್ದ ಹಾವು ಕಚ್ಚೀತಾ?” ಎಂದರು.

ತರ್ಕಕ್ಕೆ ಬಗ್ಗದಿದ್ದರೆ ಪ್ರಯೋಗ. ಎರಡು ಹಿಡಿ ತಿಂದು, ಡಾಕ್ಟರನ್ನೂ ಕೇಳಿಬಿಡೋಣವೆಂದು ಮಧುಗಿರಿ ಬಸ್ಸು ಹತ್ತಿದೆ. ಸ್ನೇಹಿತರೇ, ಆ ಬಸ್ಸಿನ ಕಿಟಕಿಯಿಂದ ಮಧುಗಿರಿಯ ಏಕಶಿಲೆ ಬೆಟ್ಟ ಬಹಳ ಮೊದಲೇ ಕಾಣುತ್ತದೆ. ಕಾಣುತ್ತಲೇ ಇರುತ್ತದೆ; ಬರುವುದಿಲ್ಲ. ಹೊಟ್ಟೆ ಉಬ್ಬಿ, ಹಿಂಡಿ, ಗುಡುಗಿತು. ಪಕ್ಕದ ಅಜ್ಜಿ ನನ್ನ ಮುಖ ನೋಡಿ ತನ್ನ ಬುಟ್ಟಿಯನ್ನು ಮೆಲ್ಲಗೆ ಆಚೆಗೆಳೆದುಕೊಂಡಳು. ಯಾವ ಚರ್ಚಾಸ್ಪರ್ಧೆಯಲ್ಲೂ ನಾನು ಅಷ್ಟು ಹೊತ್ತು ಬಾಯಿ ಮುಚ್ಚಿ ಕೂತಿರಲಿಲ್ಲ.

ಡಾಕ್ಟರು ನಕ್ಕು ವಿವರಿಸಿದರು. ಸಕ್ಕರೆಯ ಬದಲು ಅದರಲ್ಲಿ ಹಾಕುವ ಸಿಹಿ ಕರುಳಿನಲ್ಲಿ ಪೂರ್ತಿ ಅರಗುವುದಿಲ್ಲ. ಕೆಳಗಿಳಿದು ನೀರು ಎಳೆದುಕೊಳ್ಳುತ್ತದೆ, ಹುಳಿತು ವಾಯುವಾಗುತ್ತದೆ. ಒಂದೆರಡು ತಿಂದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಹಿಡಿಗಟ್ಟಲೆ ತಿಂದರೆ ಹೀಗೇ.

ಗೆದ್ದ ಉತ್ಸಾಹದಲ್ಲಿ ಊರಿಗೆ ಬಂದು, ಡಾಕ್ಟರು ಹೇಳಿದ್ದನ್ನೆಲ್ಲ ಒಪ್ಪಿಸಿ, ಡಬ್ಬವನ್ನು ಪಂಚಾಯ್ತಿಯ ಮುಂದಿಡಿ, ಅಪವಾದ ಹೋಗುತ್ತದೆ ಎಂದೆ. ದೊಡ್ಡಪ್ಪ ಒಪ್ಪಲಿಲ್ಲ.

“ಸಾಬ್ರು ಕೊಟ್ಟಿದ್ದು ತಿಂದು ಹೊಟ್ಟೆ ಕೆಡ್ತು ಅಂತ ಸಂತ್ಯಾಗೆಲ್ಲ ಆಡ್ಕಂತಾರೆ. ಮಗ ಅಷ್ಟು ದೂರದಿಂದ ಹೊತ್ಕಂಡ್ ಬಂದಿದ್ದು. ಅವ್ರ ಮನಸ್ಸಿಗೆ ಹೆಂಗಾಗ್ಬೇಡ?”

“ಸುಳ್ಳೇನಲ್ವಲ್ಲ ದೊಡ್ಡಪ್ಪ.”

“ನಿಜಾನೂ ಅಲ್ಲ ಕಣ್ಲಾ. ನೀನೇ ಅಂದ್ಯಲ್ಲ, ಒಂದು ತಿಂದ್ರೆ ಏನಿಲ್ಲ ಅಂತ.”

ಡಬ್ಬವನ್ನು ಸೂರಿನಿಂದ ಇಳಿಸಿ ಅವರ ಕೈಗೇ ಕೊಟ್ಟೆ.

ಮುಂದಿನ ಪಂಚಾಯ್ತಿಗೆ ಡಬ್ಬ ಬಂತು. ಹೆಂಗಸರ ಸಾಲಿನಲ್ಲಿ ದೊಡ್ಡಮ್ಮನೂ ಇದ್ದರು. ದೊಡ್ಡಪ್ಪ ಮುಚ್ಚಳ ತೆಗೆದು ಜಗಲಿಯ ಮೇಲಿಟ್ಟರು.

“ನಾನು ಸಕ್ಕರೆ ಕಾಯ್ಲೆಯೋನು. ಹೆಂಡ್ರ ಕಣ್ ತಪ್ಸಿ ಇದನ್ನ ಹಿಡಿ ಹಿಡಿ ತಿಂದೆ. ಕೊಟ್ಟೋರು ಬೇಕಾದೋರು, ಒಳ್ಳೇದಕ್ಕೇ ಕೊಟ್ರು. ತಪ್ಪು ನನ್ ಬಾಯೀದು. ಯಾರ್ ಮನೇದೂ ಉಂಡಿಲ್ಲ.”

ದೊಡ್ಡಮ್ಮನ ಕೈ ತಾನಾಗಿ ಸೆರಗಿನ ಗಂಟಿಗೆ ಹೋಯಿತು. ಈರಣ್ಣ ಮಾತ್ರ, ಹೇಳೋದಕ್ಕೇನು, ಯಾರಾದ್ರೂ ಹೇಳ್ತಾರೆ ಎಂದ. ದೊಡ್ಡಪ್ಪ ಡಬ್ಬವನ್ನು ಅವನತ್ತ ಸರಿಸಿದರು. “ಒಂದು ತಿನ್ನು, ಏನೂ ಆಗಲ್ಲ. ನಂಬ್ಕೆ ಇಲ್ದಿದ್ರೆ ಹಿಡಿ ತಿನ್ನು. ನಾಳೀಕ್ ನೀನೇ ನ್ಯಾಯ ಹೇಳು.” ಎಲ್ಲರೆದುರಿಗೆ ಪಂಥ ಬಿದ್ದಂತಾಯಿತು. ಈರಣ್ಣ ಬೊಗಸೆ ತುಂಬಿಕೊಂಡು ಕಟಕಟನೆ ಅಗಿದು ನುಂಗಿದ.

ಮರುದಿನ ಈರಣ್ಣ ಬರಲಿಲ್ಲ. ಅವನ ಹೆಂಡತಿ ಬಂದು, ನಗುವನ್ನು ಸೆರಗಿನಲ್ಲಿ ತಡೆದು, “ಕೋಳಿ ಕೂಗ್ದಾಗ್ನಿಂದ ಚೊಂಬು ಕೆಳ್ಗಿಟ್ಟಿಲ್ಲ ಕಣಪ್ಪ. ಗೌಡ್ರು ಹೇಳ್ದಂಗೆ ಆಗ್ಲಿ ಅಂದವ್ರೆ” ಎಂದಳು. ಹುಣಸೆಯ ಫಸಲು ಒಂದು ವರ್ಷ ಅಣ್ಣನಿಗೆ, ಒಂದು ವರ್ಷ ತಮ್ಮನಿಗೆ ಎಂದು ತೀರ್ಮಾನವಾಯಿತು. ಆಮೇಲೆ ಸಾಬ್ರು ಬಂದು ಹೇಗಿತ್ತೆಂದು ಕೇಳಿದಾಗ ದೊಡ್ಡಪ್ಪ, ಬಲು ರುಚಿ ಎಂದರು. ಇನ್ನೊಂದು ಡಬ್ಬ ಬಂತು. ಅದರ ಯಜಮಾನಿಕೆ ದೊಡ್ಡಮ್ಮನದು, ಊಟಕ್ಕೊಂದು ಪೆಪ್ಪರಮೆಂಟು. ಖಾಲಿಯಾದ ಮೊದಲ ಡಬ್ಬ ನನಗೆ ಬಂತು.

ಉಂಡದ್ದು ನ್ಯಾಯ ಅನ್ಯಾಯ ನೋಡಿ ಅರಗುತ್ತದೆ ಎಂಬುದನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಬೇಕಾದರೆ ವಾದಕ್ಕೆ ಬನ್ನಿ. ಫೀಸು ತೆಗೆದುಕೊಳ್ಳುವ ವಕೀಲ ಕಡಲೆಕಾಯಿಗೆ ಹಿಂಜರಿಯುವುದು ಯಾವ ತರ್ಕಕ್ಕೂ ನಿಲ್ಲುವುದಿಲ್ಲ ಎಂಬುದನ್ನೂ ಬಲ್ಲೆ. ಆದರೂ ಮೊನ್ನೆ ಕಾಗದಗಳಿಗೆ ಸೂಜಿ ಚುಚ್ಚಿ, ಡಬ್ಬದ ಮುಚ್ಚಳ ಒತ್ತಿ, ಚೀಲವನ್ನು ಆ ಕಕ್ಷಿಗಾರನ ಕಡೆಗೇ ಸರಿಸಿದೆ.

“ಕೇಸು ಮುಗೀಲಿ. ಆಮೇಲೆ ಇಬ್ಬರೂ ಕೂತು ತಿನ್ನೋಣ.”