ಲತಿಕ ಫೋಟೋಸ್ಟಾಟಿನ ಶಿವನಂಜಪ್ಪ

ಕೇರಳದ ಗಡಿಯೂರು ಕೊಳವಳ್ಳಿಯಲ್ಲಿ ಬಸ್ಸು ನಿಲ್ಲುವ ಜಾಗದ ಎದುರಿಗೆ ಒಂದು ಸಣ್ಣ ಅಂಗಡಿ. ಬೋರ್ಡಿನ ಮೇಲೆ ಮಲಯಾಳದಲ್ಲಿ 'ಲತಿಕ ಫೋಟೋಸ್ಟಾಟ್' ಎಂದು ಬರೆದಿದೆ. ಲತಿಕ ಎಂಬ ಹೆಣ್ಣುಮಗಳು ಆ ಅಂಗಡಿ ಮಾರಿ ಗಂಡನ ಊರಿಗೆ ಹೋಗಿ ಹದಿನಾಲ್ಕು ವರ್ಷವಾಯಿತು. ಕೊಂಡುಕೊಂಡ ಶಿವನಂಜಪ್ಪ ಹಳೆ ಯಂತ್ರ ಬದಲಾಯಿಸಿದ, ಎರಡು ಕಂಪ್ಯೂಟರ್ ತಂದಿಟ್ಟ, ಶಟರಿಗೆ ಬಣ್ಣ ಹೊಡೆಸಿದ. ಬೋರ್ಡು ಮಾತ್ರ ಹಾಗೇ ಉಳಿಯಿತು. ಗಟ್ಟಿಯಾಗಿಯೇ ಇದೆಯಲ್ಲ, ಯಾಕೆ ಕೀಳಬೇಕು ಎಂಬ ಉದಾಸೀನ. ಹೀಗಾಗಿ ಊರಿನ ಕನ್ನಡದವರಿಗೆ ಅವನು ಲತಿಕಣ್ಣ, ಉಳಿದವರಿಗೆ ಲತಿಕ ಚೇಟ್ಟನ್. ಐವತ್ತೊಂದು ವರ್ಷದ, ಮೀಸೆ ಬೆಳ್ಳಗಾದ ಬ್ರಹ್ಮಚಾರಿಯನ್ನು ಹೆಣ್ಣಿನ ಹೆಸರು ಹಿಡಿದು ಕರೆಯುತ್ತಿದ್ದೇವೆ ಎಂದು ಯಾರಿಗೂ ಒಂದು ದಿನವೂ ಅನ್ನಿಸಲಿಲ್ಲ. ತನಗೂ ಏನೂ ಅನ್ನಿಸುವುದಿಲ್ಲ ಎಂದೇ ಅವನು ತಿಳಿದಿದ್ದ.

ಮೋಜೆಂದರೆ, ಅವನಿಗೆ ಇಡೀ ಊರಿನ ಹೆಸರು ಗೊತ್ತು. ಆಧಾರ್ ಕಾರ್ಡು, ರೇಷನ್ ಕಾರ್ಡು, ಭೂಮಿ ಕಂದಾಯದ ರಸೀದಿ ಎಲ್ಲವೂ ಅವನ ಗಾಜಿನ ಮೇಲೆ ಬೋರಲು ಮಲಗಿ ಎದ್ದು ಹೋದವೇ. ಯಾರ ಅಜ್ಜನ ಹೆಸರೇನು, ಯಾರು ಯಾವ ವರ್ಷ ಹುಟ್ಟಿದ್ದು, ಯಾರು ಮದುವೆಗೆ ಎರಡು ವರ್ಷ ಕಡಿಮೆ ಹೇಳಿದ್ದು, ಅವನ ಬಾಯಲ್ಲಿತ್ತು. ಅವನ ಕಾರ್ಡು ನೋಡಬೇಕಾದ ಪ್ರಮೇಯ ಯಾರಿಗೂ ಬರಲಿಲ್ಲ. ಬಾವಲಿ ಎಂಬ ಊರಿನಲ್ಲಿ ತಾಯಿ ತೀರಿಕೊಂಡ ಮೇಲೆ ಒಬ್ಬನೇ ಬಂದವನು, ಅಂಗಡಿಯ ಹಿಂದಿನ ಕೋಣೆಯಲ್ಲಿ ಗಂಜಿ ಬೇಯಿಸಿಕೊಂಡು ಇದ್ದುಬಿಟ್ಟ.

ಆದರೆ ಅವನಿಗೆ ಇನ್ನೊಂದು ಬದುಕು ಇತ್ತು. ಕೇರಳದ ಶಾಲೆಗಳಲ್ಲಿ ಮಕ್ಕಳು ಕಲಿಯುವುದು ಲಿನಕ್ಸ್ ಎಂಬ ಉಚಿತ ತಂತ್ರಾಂಶದ ಕಂಪ್ಯೂಟರಿನ ಮೇಲೆ. ಅವುಗಳನ್ನು ರಿಪೇರಿ ಮಾಡಿಕೊಡುತ್ತ ಅವನು ಅದರ ಹೊಟ್ಟೆಯೊಳಗೇ ಇಳಿದ. ಲಿನಕ್ಸನ್ನು ಕಟ್ಟಿ ಲೋಕಕ್ಕೆ ಹಂಚುವ ದೊಡ್ಡ ಬಳಗವೊಂದಿದೆ. ಅದರಲ್ಲಿ ಸಂಬಳವಿಲ್ಲದೆ ದುಡಿಯುವವರೇ ಹೆಚ್ಚು. ಪರ್ಲ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಯಾರ್ಯಾರೋ ಬರೆದು ಬಿಟ್ಟ ಪುಟ್ಟ ಮಾಡ್ಯೂಲುಗಳನ್ನು, ಎಂದರೆ ಪ್ರೋಗ್ರಾಮಿನ ತುಣುಕುಗಳನ್ನು, ಪ್ಯಾಕೇಜು ಮಾಡುವುದು ಶಿವನಂಜಪ್ಪನ ಪಾಲಿಗೆ ಬಂತು. ಬೇರೆಯವರು ಬೆಳೆದ ಮೆಣಸನ್ನು ಕೇರಿ, ಕಲ್ಲು ಆರಿಸಿ, ಚೀಲಕ್ಕೆ ತುಂಬಿ ಚೀಟಿ ಹೊಲಿದಂಥ ಕೆಲಸ. ಬೆಳೆದವನ ಹೆಸರು ಏನು, ಯಾವ ಷರತ್ತಿನ ಮೇಲೆ ಕೊಟ್ಟಿದ್ದಾನೆ, ಇದು ನಡೆಯಲು ಇನ್ನು ಯಾವುದು ಬೇಕು ಎಂದೆಲ್ಲ ಬರೆಯಬೇಕು. ಪರೀಕ್ಷೆಗಳನ್ನು ಓಡಿಸಿ ನೋಡಬೇಕು. ಕೊನೆಗೆ, ಇದಕ್ಕೆ ಯಾರು ಜವಾಬ್ದಾರಿ ಎಂದು ಹೆಸರು ಹಾಕಬೇಕು. ಐವತ್ತೆಂಟು ಪ್ಯಾಕೇಜುಗಳಲ್ಲಿ ಆ ಜಾಗದಲ್ಲಿ ಶಿವನಂಜಪ್ಪ ಎಂದಿತ್ತು. ಲೋಕದಲ್ಲಿ ಆ ಹೆಸರು ಬರೆದಿಟ್ಟ ಜಾಗ, ಕಾರ್ಡು ಬಿಟ್ಟರೆ, ಅದೊಂದೇ.

ಅವನು ಕಟ್ಟಿದ್ದನ್ನು ಅವನೇ ಬಳಗದ ಉಗ್ರಾಣಕ್ಕೆ ಏರಿಸುವಂತಿರಲಿಲ್ಲ. ಆ ಹಕ್ಕು ಸಿಗಬೇಕಾದರೆ ಹಳೆಯ ಸದಸ್ಯನೊಬ್ಬ ಎದುರುಬದುರು ಕೂತು, ಗುರುತಿನ ಚೀಟಿ ನೋಡಿ, 'ಇವನು ಇವನೇ' ಎಂದು ಸಹಿ ಹಾಕಬೇಕು. ಕೊಳವಳ್ಳಿಗೆ ಅಂಥವರು ಯಾರು ಬರುತ್ತಾರೆ? ಅಲ್ಲಿಯತನಕ ಬೇರೊಬ್ಬರು ನೋಡಿ ಏರಿಸಿಕೊಡಬೇಕು. ಹನ್ನೊಂದು ವರ್ಷದಿಂದ ಅದನ್ನು ಮಾಡಿಕೊಡುತ್ತಿದ್ದವನು ಫಿನ್ಲೆಂಡಿನ ಟೋಯಿವೋ ಎಂಬ ಮುದುಕ.

ಟೋಯಿವೋ ಮಾತಿನಲ್ಲಿ ಮಹಾ ಜಿಪುಣ. 'ಏರಿಸಿದೆ' ಎಂದು ಒಂದು ಪದ, ಇಲ್ಲವಾದರೆ 'ಒಂಬತ್ತನೇ ಸಾಲಿನಲ್ಲಿ ಒಂದು ಸ್ಪೇಸ್ ಜಾಸ್ತಿ' ಎಂದು ಒಂದು ವಾಕ್ಯ. ಹನ್ನೊಂದು ವರ್ಷದಲ್ಲಿ ಕ್ಷೇಮಸಮಾಚಾರ ಕೇಳಿದ್ದು ಒಂದೇ ಸಲ, ವಯನಾಡಿನಲ್ಲಿ ಗುಡ್ಡ ಕುಸಿದ ಸುದ್ದಿ ಓದಿ: 'ನೀವು ಹೇಗಿದ್ದೀರಿ?' ಆ ಎರಡು ಪದಕ್ಕೆ ಶಿವನಂಜಪ್ಪ ಎರಡು ಪುಟ ಉತ್ತರ ಬರೆದ. ಕಬಿನಿ, ಆನೆ ಬೇಲಿ, ಶುಂಠಿ ಗದ್ದೆ, ಎಲ್ಲ ಬಂತು. ಕೊನೆಗೆ ಕೈ ತಡೆಯದೆ ಇದನ್ನೂ ಬರೆದ: 'ನೀವು ಯಾವತ್ತಾದರೂ ಬನ್ನಿ. ಕೊಳವಳ್ಳಿಯಲ್ಲಿ ಇಳಿದು ನನ್ನ ಹೆಸರು ಹೇಳಿದರೆ ಸಾಕು, ಸಣ್ಣ ಮಗುವೂ ಮನೆ ತೋರಿಸುತ್ತದೆ.'

ಯಾಕೆ ಹಾಗೆ ಬರೆದ ಎಂದರೆ ಏನು ಹೇಳುವುದು? ಒಂಟಿ ಮನುಷ್ಯ ಜಂಭ ಕೊಚ್ಚಿಕೊಳ್ಳುವುದು ದೂರದವರ ಹತ್ತಿರ ಮಾತ್ರ.

ಈ ವರ್ಷ ಜನವರಿಯಲ್ಲಿ ಅವನು ಬಾವಲಿ ಕಡೆಯ ಶಾಲೆಯೊಂದರ ಕಂಪ್ಯೂಟರುಗಳನ್ನು ಸರಿಮಾಡಲು ಹೋಗಿ ಮೂರು ದಿನ ಅಲ್ಲೇ ಉಳಿದ. ವಾಪಸು ಬಂದು ಶಟರ್ ಎತ್ತಿ ನೋಡಿದರೆ ಟೋಯಿವೋ ಒಂದು ಪ್ಯಾಕೇಜು ಏರಿಸಿದ್ದ. ಪ್ರತಿ ಪ್ಯಾಕೇಜಿನೊಳಗೂ ಚೇಂಜ್‌ಲಾಗ್ ಎಂಬ ದಿನಚರಿ ಇರುತ್ತದೆ. ಏನು ಬದಲಾಯಿತು, ಯಾರು ಮಾಡಿದರು, ಎಷ್ಟು ಹೊತ್ತಿಗೆ, ಆ ಹೊತ್ತು ಯಾವ ದೇಶದ ಗಡಿಯಾರದ್ದು. ಫಿನ್ಲೆಂಡಿನ ಚಳಿಗಾಲಕ್ಕೆ +0200, ನಮಗೆ +0530. ಟೋಯಿವೋನ ಹೆಸರಿನ ಮುಂದೆ ಸಂಜೆ 17:40, +0530 ಎಂದಿತ್ತು.

ಶಿವನಂಜಪ್ಪ ಎರಡು ಸಲ ಓದಿ ಜೋರಾಗಿ ನಕ್ಕ. ಹನ್ನೊಂದು ವರ್ಷ ತನ್ನ ಸ್ಪೇಸುಗಳನ್ನು ಹೆಕ್ಕಿದ ಮುದುಕ ಈಗ ಸಿಕ್ಕಿಬಿದ್ದ! ನಾನು ಬರೆದ ಸಾಲನ್ನೇ ನಕಲು ಮಾಡಿ ಅಂಕಿ ಬದಲಿಸಲು ಮರೆತಿದ್ದಾನೆ. ಹಳೆಯ ನಮೂದಿಗೆ ಕೈ ಹಾಕಬಾರದು ಎಂಬುದು ಆ ಕೆಲಸದ ಕಟ್ಟುಪಾಡು. ಆದರೂ ಹಿರಿಯರ ಮರ್ಯಾದೆ ಉಳಿಸೋಣ ಎಂದುಕೊಂಡು ಅದನ್ನು 14:10, +0200 ಎಂದು ತಿದ್ದಿದ. 'ನಿಮ್ಮ ಗಡಿಯಾರ ತಪ್ಪಿದೆ, ಸರಿಮಾಡಿದ್ದೇನೆ' ಎಂದು ಒಂದು ಸಾಲನ್ನೂ ಕಳಿಸಿದ. ಟೋಯಿವೋನಷ್ಟೇ ಚುಟುಕಾಗಿ ಬರೆದೆ ಎಂದು ಹೆಮ್ಮೆಪಟ್ಟ.

ಅದಕ್ಕೆ ಉತ್ತರ ಬರಲಿಲ್ಲ. ಫೆಬ್ರವರಿ ಹೋಯಿತು, ಮಾರ್ಚಿ ಹೋಯಿತು. ಹದಿನೇಳು ಪ್ಯಾಕೇಜುಗಳು ಸಿದ್ಧವಾಗಿ ಸಾಲಾಗಿ ಕಾದವು. ಮುದುಕನಿಗೆ ಏನಾದರೂ ಆಯಿತೇ ಎಂದು ಕೇಳೋಣವೆಂದರೆ ಅವನ ಮನೆಯ ಒಬ್ಬರ ಗುರುತೂ ಇವನಿಗಿಲ್ಲ. ಬೆಳಿಗ್ಗೆ ಅಂಗಡಿ ತೆಗೆದು ಮೊದಲು ಮೇಲ್ ನೋಡುವುದು, ಮಧ್ಯಾಹ್ನ ಉಂಡು ಮತ್ತೆ ನೋಡುವುದು. ಆ ಒಂದು ಪದದ ಉತ್ತರವೇ ತನ್ನ ಮನೆಯ ಮಾತುಕತೆಯಾಗಿತ್ತು ಎಂಬುದು ಅದು ನಿಂತ ಮೇಲೆ ತಿಳಿಯಿತು. ಏಪ್ರಿಲಿನಲ್ಲಿ ಒಂದು ದಿನ, ನಿನ್ನೆಯಿಂದ ತಾನು ಯಾರ ಹತ್ತಿರವೂ 'ಎಷ್ಟು ಕಾಪಿ?' ಎಂಬುದರ ಹೊರತು ಏನೂ ಮಾತಾಡಿಲ್ಲ ಎಂದು ಲೆಕ್ಕಕ್ಕೆ ಬಂದು ಅವನಿಗೆ ಹೆದರಿಕೆಯಾಯಿತು.

ಜೂನ್ ಮೊದಲ ವಾರ ಬಳಗದಿಂದ ಪತ್ರ ಬಂತು. ಬಹಳ ಸಭ್ಯವಾದ ಪತ್ರ. 'ಸುಳ್ಳು ಹೆಸರಿನ ಒಬ್ಬ ವರ್ಷಗಟ್ಟಲೆ ದುಡಿದು ನಂಬಿಕೆ ಗಳಿಸಿ, ಕೊನೆಗೆ ಪ್ರೋಗ್ರಾಮಿನೊಳಗೆ ಕಳ್ಳಕಿಂಡಿ ಇಟ್ಟ ಸಂಗತಿ ನಿಮಗೆ ಗೊತ್ತಿದೆ. ಆಮೇಲೆ ಎಲ್ಲರೂ ಹುಷಾರಾಗಿದ್ದೇವೆ. ಟೋಯಿವೋ ಜನವರಿಯಲ್ಲಿ ನಿಮ್ಮನ್ನು ಕಂಡು ಸಹಿ ಹಾಕಲು ನಿಮ್ಮ ಊರಿಗೇ ಹೋಗಿದ್ದರು. ಆ ಹೆಸರಿನವರು ಅಲ್ಲಿ ಯಾರೂ ಇಲ್ಲವೆಂದು ಊರವರು ಹೇಳಿದರು. ಎರಡು ದಿನದ ಮೇಲೆ, ಅವರು ಭಾರತದಿಂದ ಬರೆದ ನಮೂದಿನ ಸಮಯವನ್ನು, ಅವರು ಬಂದ ಗುರುತನ್ನೇ, ನೀವು ಅಳಿಸಿದಿರಿ. ತಿಂಗಳ ಕೊನೆಯೊಳಗೆ ನೀವು ಯಾರೆಂದು ತಿಳಿಸದಿದ್ದರೆ ಐವತ್ತೆಂಟು ಪ್ಯಾಕೇಜುಗಳಿಂದಲೂ ನಿಮ್ಮ ಹೆಸರು ತೆಗೆಯಬೇಕಾಗುತ್ತದೆ.'

ಶಿವನಂಜಪ್ಪನ ಕಿವಿ ಬಿಸಿಯಾಯಿತು. ಎದ್ದವನೇ ರಸ್ತೆ ದಾಟಿ ಎದುರಿನ ಚಹಾದಂಗಡಿಗೆ ಹೋದ. ಅಂಗಡಿಯ ಶಿವಮ್ಮ ಪರಿಪ್ಪುವಡೆ ಕರಿಯುತ್ತಿದ್ದಳು.

"ಶಿವಮ್ಮಾ, ಜನವರೀಲಿ ಇಲ್ಲಿಗೆ ಯಾರಾದ್ರೂ ಬಿಳಿ ಸಾಯಿಪ್ಪು ಬಂದಿದ್ನಾ?"

"ಬಂದಿದ್ದ ಲತಿಕಣ್ಣ, ಪಾಪ. ವಯಸ್ಸಾದೋನು, ಕೋಲು ಹಿಡ್ಕೊಂಡು. ನೀವು ಬಾವಲೀಲಿದ್ರಿ. ನಿಮ್ಮಂಗಡಿ ಬೆಂಚಿನ ಮೇಲೇ ಎರಡು ಗಂಟೆ ಕೂತಿದ್ದ."

"ಏನು ಕೇಳ್ದ?"

"ಒಂದು ಚೀಟಿ ತೋರ್ಸಿದ. ಜೀಪಿನ ಜಿಷ್ಣು ಓದ್ದ, ಶಿವನಂಜಪ್ಪ ಅಂತ. ಬಸ್ಸಿಗೆ ನಿಂತೋರ್ನೆಲ್ಲ ಕೇಳಿದ್ವಿ. ಅಂಥ ಆಳು ಇಲ್ಲಿಲ್ಲ ಅಂದ್ವಿ. ಮುಖ ಸಣ್ಣಗೆ ಮಾಡ್ಕೊಂಡು ಹೋದ. ನಿಮ್ಮನ್ನ ಕೇಳ್ಕೊಂಡು ಬಂದೋನಲ್ವಲ್ಲ, ಅದ್ಕೇ ನಿಮ್ಗೆ ಹೇಳೋದು ಮರ್ತೆ."

"ಅದು ನಾನೇ."

ಶಿವಮ್ಮ ಜಾಲರಿ ಸೌಟನ್ನು ಹಾಗೇ ಹಿಡಿದು ನಿಂತಳು. ಅವನು ಜೇಬಿನಿಂದ ಆಧಾರ್ ಕಾರ್ಡು ತೆಗೆದು ಬೆಂಚಿನ ಮೇಲಿಟ್ಟ. ಅವಳು ಕೈ ಒರೆಸಿಕೊಂಡು ಬಂದು ಫೋಟೋ ನೋಡಿದಳು, ಅವನ ಮುಖ ನೋಡಿದಳು.

"ಅಯ್ಯೋ! ಹದಿನಾಲ್ಕು ವರ್ಷ ನನ್ನ ಕೈಯ ಚಾಯ ಕುಡ್ದಿದೀರಲ್ಲ, ಒಂದಿನ ಪೇರು ಹೇಳ್ಬಾರ್ದಿತ್ತಾ?"

"ಯಾರೂ ಕೇಳ್ಲಿಲ್ಲ ಶಿವಮ್ಮ."

ಅವಳ ತಪ್ಪೇನೂ ಇರಲಿಲ್ಲ. ಬೋರ್ಡು ತೆಗೆಯದವನು ತಾನು. ಬಾಯಿ ಬಿಟ್ಟು ಹೇಳದವನು ತಾನು. ಯಾರಾದರೂ ತಾವಾಗಿಯೇ ಕೇಳಲಿ ಎಂದು ಹದಿನಾಲ್ಕು ವರ್ಷ ಕಾದಿದ್ದ ಎಂಬುದು ಅವನಿಗೇ ಆಗ ಗೊತ್ತಾಯಿತು.

ಅದೇ ಮಧ್ಯಾಹ್ನ ಅವನು ಬಳಗಕ್ಕೂ ಟೋಯಿವೋಗೂ ಬರೆದ. ಬರೆದದ್ದಕ್ಕಿಂತ ಅಳಿಸಿದ್ದೇ ಹೆಚ್ಚು. ಊರಿನವರು ತಪ್ಪು ಹೇಳಿದರು ಎಂದು ಮೊದಲು ಬರೆದು ತೆಗೆದ. ಕೊನೆಗೆ ಉಳಿದದ್ದು ಇಷ್ಟು: 'ಮಗುವೂ ಮನೆ ತೋರಿಸುತ್ತದೆ ಎಂದದ್ದು ಸುಳ್ಳು. ಇಲ್ಲಿ ಯಾರಿಗೂ ನನ್ನ ಹೆಸರು ಗೊತ್ತಿಲ್ಲ. ನೀವು ಕೂತದ್ದು ನನ್ನ ಅಂಗಡಿಯ ಬೆಂಚಿನ ಮೇಲೆಯೇ. ನಾನು ಬೇರೆ ಊರಿಗೆ ಹೋಗಿದ್ದೆ. ಆ ಸಮಯ ನೀವು ತಪ್ಪಿ ಬರೆದದ್ದೆಂದು ತಿದ್ದಿದೆ. ನೀವು ಇಲ್ಲಿಗೆ ಬರಬಹುದು ಎಂದು ನನ್ನ ತಲೆಗೇ ಹೊಳೆಯಲಿಲ್ಲ. ನನ್ನನ್ನು ನೋಡಲು ಯಾರೂ ಬರುವುದಿಲ್ಲ.' ಜೊತೆಗೆ ಒಂದು ಫೋಟೋ. ಬೆಂಚಿನ ಪಕ್ಕ ಅವನು, ಅವನ ಪಕ್ಕ ಕಾರ್ಡು ಹಿಡಿದು ಶಿವಮ್ಮ, ಮೇಲೆ ಲತಿಕಳ ಬೋರ್ಡು.

ನಾಲ್ಕನೇ ದಿನ ಟೋಯಿವೋ ಬರೆದ. ಅವನ ಲೆಕ್ಕದಲ್ಲಿ ಅದು ಪುರಾಣದಷ್ಟು ಉದ್ದ.

'ಆ ಬೆಂಚು ನನಗೆ ಗೊತ್ತು. ಆ ಹೆಂಗಸು ನನಗೆ ಬಿಸಿ ವಡೆ ಕೊಟ್ಟರು. ಹಿಂದಿನ ದಿನ ಹತ್ತಿರದ ಬತ್ತೇರಿ ಪೇಟೆಯ ಲಾಡ್ಜಿನಿಂದ ಆ ಪ್ಯಾಕೇಜು ಏರಿಸಿದೆ. ಕೊನೆಯ ಆ +0530 ನೋಡಿದ ಕೂಡಲೇ ನಾನು ಹತ್ತಿರ ಬಂದಿದ್ದೇನೆಂದು ನಿಮಗೆ ತಿಳಿಯುತ್ತದೆ ಎಂದುಕೊಂಡೆ. ಬಸ್ಸಿನ ಹತ್ತಿರ ಕಾದು ನಿಂತಿರುತ್ತೀರಿ ಎಂದುಕೊಂಡೆ. ಬಾಯಲ್ಲಿ ಹೇಳಬೇಕಿತ್ತು, ನನಗೆ ಅದು ಬರುವುದಿಲ್ಲ. ನನಗೀಗ ಎಪ್ಪತ್ತನಾಲ್ಕು, ಮೊಣಕಾಲು ಇನ್ನೊಂದು ಸಲ ಅಷ್ಟು ದೂರ ಬರಲು ಬಿಡುವುದಿಲ್ಲ. ಫೋಟೋ ನೋಡಿ ಸಹಿ ಹಾಕುವಂತಿಲ್ಲ, ನಿಯಮ ನಿಮಗೂ ಗೊತ್ತು. ನಿಮ್ಮ ಹೆಸರು ತೆಗೆಯಬೇಡಿ ಎಂದು ಬಳಗಕ್ಕೆ ಹೇಳಿದ್ದೇನೆ, ಒಪ್ಪಿದ್ದಾರೆ. ಕಾದಿರುವ ಹದಿನೇಳರಲ್ಲಿ ಮೊದಲನೆಯದು ನೋಡಿದೆ. ಹದಿನಾಲ್ಕನೇ ಸಾಲಿನಲ್ಲಿ ಒಂದು ಸ್ಪೇಸ್ ಜಾಸ್ತಿ.'

ಶಿವನಂಜಪ್ಪ ಯಂತ್ರದ ಹಿಂದೆ ಮುಖ ಮರೆಸಿಕೊಂಡು ಅತ್ತ. ಕಾಪಿಗೆ ಬಂದ ಒಬ್ಬ ಗಿರಾಕಿ ಅದನ್ನು ಕಂಡು ಹಾಗೇ ಹೊರಟುಹೋದ.

ಆಮೇಲೆ ಅವನು ಹದಿನಾಲ್ಕನೇ ಸಾಲಿನ ಸ್ಪೇಸು ತೆಗೆದ. ಜನವರಿಯ ನಮೂದನ್ನು ಮತ್ತೆ 17:40, +0530 ಮಾಡಿದ. ಹೊಸ ನಮೂದಿನಲ್ಲಿ ಕಾರಣ ಬರೆಯಬೇಕು, ಬರೆದ: 'ಹಿಂದಿನ ಸಮಯ ಸರಿಯಾಗಿಯೇ ಇತ್ತು. ತಿದ್ದಿದ್ದು ನನ್ನ ತಪ್ಪು.' ಕೆಳಗೆ ತನ್ನ ಹೆಸರು, ತನ್ನ ಹೊತ್ತು.

"ಲತಿಕಣ್ಣಾ, ಚಾಯ ಆರ್ತದೆ!" ಎಂದು ಶಿವಮ್ಮ ಎದುರಿನಿಂದ ಕೂಗಿದಳು. ಕೂಗಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅವನು ಇರಲಿ ಎಂದು ಕೈಯಾಡಿಸಿ, ಹೋಗಿ ಗ್ಲಾಸು ತಂದ. ತನ್ನ ಅಂಗಡಿಯ ಆ ಬೆಂಚಿನ ಮೇಲೆ ಅವನು ಯಾವತ್ತೂ ಕೂತವನಲ್ಲ, ಅದು ಬಂದವರಿಗೆಂದು ಇಟ್ಟದ್ದು. ಅವತ್ತು ಅದರ ಒಂದು ತುದಿಯಲ್ಲಿ ಕೂತು, ಇನ್ನೊಂದು ತುದಿಯಲ್ಲಿ ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಚಾಯ ಕುಡಿದ.