ಸಾವಕಾಶ ಗುಂಡು

ಕಳೆದ ಶನಿವಾರ ಬೆಳಿಗ್ಗೆ ಒಂದು ತಕ್ಕಡಿಗೆ ಅರಿಶಿನ ಕುಂಕುಮ ಇಟ್ಟೆ. ಅದರಲ್ಲೇನು ವಿಶೇಷ ಅಂತೀರಾ? ತಕ್ಕಡಿ ಇದ್ದದ್ದು ಅಮೆರಿಕದ ಟೆಕ್ಸಸ್ಸಿನಲ್ಲಿ, ಫ್ಲವರ್ ಮೌಂಡ್ ಎಂಬ ಊರಿನ ನಮ್ಮ ಮನೆಯ ಗ್ಯಾರೇಜಿನಲ್ಲಿ. ಅದರಲ್ಲಿ ತೂಗುತ್ತಿದ್ದದ್ದು ರೈಫಲ್ಲಿನ ಮದ್ದು. ತೂಗುತ್ತಿದ್ದವಳು ನನ್ನ ಹೆಂಡತಿ.

ಮುಂದೇನಾಯಿತು ಅಂತ ಹೇಳುವ ಮೊದಲು ಹೆಂಡತಿಯ ಪರಿಚಯ ಮಾಡಿಕೊಡಬೇಕು. (ಇಲ್ಲದಿದ್ದರೆ ನಿಮ್ಮಲ್ಲಿ ಕೆಲವರು ಈಗಲೇ ಪೊಲೀಸರಿಗೆ ಫೋನ್ ಮಾಡುತ್ತೀರಿ.)

ಪೊನ್ನಮ್ಮ ವಿರಾಜಪೇಟೆ ಕಡೆಯವಳು. ನಾನು ಮೈಸೂರಿನವನು. ನಮ್ಮ ಮನೆಯಲ್ಲಿ ದೀಪಾವಳಿಗೆ ಸುರುಸುರು ಬತ್ತಿ ಹಚ್ಚುವುದಕ್ಕೂ ಪಕ್ಕದಲ್ಲಿ ಒಂದು ಬಕೆಟ್ ನೀರು, ಇಬ್ಬರು ದೊಡ್ಡವರು ಇರಬೇಕಿತ್ತು. ಅವರ ಮನೆಯಲ್ಲಿ ಕೋವಿಗೇ ಒಂದು ಹಬ್ಬ! ಕೈಲ್ ಮುಹೂರ್ತದ ದಿನ ಕೋವಿ, ಕತ್ತಿಗಳನ್ನೆಲ್ಲ ಸಾಲಾಗಿ ಇಟ್ಟು, ಗಂಧ ಹಚ್ಚಿ, ಹೂವಿಟ್ಟು ಪೂಜೆ ಮಾಡುತ್ತಾರೆ. ಆಮೇಲೆ ಗಡದ್ದಾಗಿ ಊಟ. ಊಟವಾದ ಮೇಲೆ ದೂರದಲ್ಲಿ ತೆಂಗಿನಕಾಯಿ ಇಟ್ಟು ಗುಂಡು ಹೊಡೆಯುವ ಪಂದ್ಯ. ಆ ಪಂದ್ಯದಲ್ಲಿ ಅಣ್ಣಂದಿರನ್ನೆಲ್ಲ ಸೋಲಿಸಿದವಳು ಇವಳು. ಮದುವೆ ಮಾತು ಬಂದಾಗ ಈ ವಿಷಯ ತಿಳಿದ ನಮ್ಮಮ್ಮ ನನ್ನನ್ನು ಒಳಗೆ ಕರೆದು ಒಂದೇ ಪ್ರಶ್ನೆ ಕೇಳಿದ್ದರು: "ಹುಡುಗಿಗೆ ಕೋಪ ಜಾಸ್ತಿ ಏನೋ?"

ಟೆಕ್ಸಸ್‌ಗೆ ಬಂದ ಮೇಲೂ ಪೊನ್ನಮ್ಮ ಈ ಹಬ್ಬ ಬಿಟ್ಟವಳಲ್ಲ. ಆಸ್ಟಿನ್, ಹ್ಯೂಸ್ಟನ್, ಡಾಲಸ್‌ನ ಒಂದಷ್ಟು ಕೊಡವ ಮನೆಗಳು, ಜೊತೆಗೆ ನನ್ನಂಥ ಕೆಲವು ಅಳಿಯಂದಿರು, ವರ್ಷಕ್ಕೊಮ್ಮೆ ಸೇರುತ್ತೇವೆ. ಆದರೆ ಹೋದ ವರ್ಷ ಅವಳ ಎಡಗಿವಿಯಲ್ಲಿ ಗುಂಯ್ ಅನ್ನುವ ಸದ್ದು ಶುರುವಾಯಿತು. ಹಗಲೂ ರಾತ್ರಿ ಒಂದು ಜೀರುಂಡೆ ಕಿವಿಯಲ್ಲಿ ಮನೆ ಮಾಡಿದ ಹಾಗೆ. ಲಾಸ್ ಕೊಲಿನಾಸ್‌ನ ಅವಳ ಆಫೀಸಿನ ಹತ್ತಿರವೇ ಇದ್ದ ಕಿವಿ ಡಾಕ್ಟರು ಪರೀಕ್ಷೆ ಮಾಡಿ, ಉಳಿದ ಕಿವಿ ಉಳಿಯಬೇಕಾದರೆ ಇನ್ನು ಜೋರು ಸದ್ದು ಬೇಡ ಅಂದರು.

ರೈಫಲ್ ಸೇಫಿನೊಳಗೆ ಹೋಯಿತು. ಆ ವರ್ಷದ ಹಬ್ಬದಲ್ಲಿ ಪೊನ್ನಮ್ಮ ಬಡಿಸಿದಳು, ತಟ್ಟೆ ಎತ್ತಿದಳು, ಗುಂಡು ಹೊಡೆಯುವ ಹೊತ್ತಿಗೆ ದೂರದ ಕಾರಿನೊಳಗೆ ಗಾಜು ಏರಿಸಿ ಕೂತಳು. ವಾಪಸ್ ಬರುವಾಗ ಅರ್ಧ ದಾರಿಯ ವೇಕೋ ಊರು ದಾಟುವವರೆಗೂ ಕಿಟಕಿಯಾಚೆ ನೋಡುತ್ತಿದ್ದವಳು ಒಂದು ಮಾತೂ ಆಡಲಿಲ್ಲ. ಅವಳು ಬೈದರೆ ನನಗೆ ಅಭ್ಯಾಸವಿದೆ. ಸುಮ್ಮನಿದ್ದರೆ ಏನು ಮಾಡಲಿ?

ಈ ಸಂಕಟಕ್ಕೆ ಮದ್ದು ಹುಡುಕಿಕೊಟ್ಟವರು ಲಿಂಗರಾಜ್ ಅಂಕಲ್. (ಮದ್ದು ಅನ್ನುವ ಮಾತನ್ನು ಇಲ್ಲಿ ಹೇಗೆ ಬೇಕಾದರೂ ಓದಿಕೊಳ್ಳಿ.) ಹುಬ್ಬಳ್ಳಿಯವರು. ಆಸ್ಟಿನ್‌ನಲ್ಲಿ ಎಂಜಿನಿಯರ್ ಆಗಿದ್ದು ನಿವೃತ್ತರಾಗಿ, ಜಾರ್ಜ್‌ಟೌನ್ ಆಚೆ ಸ್ವಲ್ಪ ಜಮೀನು ಮಾಡಿಕೊಂಡಿದ್ದಾರೆ. ನಮ್ಮ ಹಬ್ಬ ನಡೆಯುವುದು ಅಲ್ಲೇ. ವಿಷಯ ಕೇಳಿದ್ದೇ ಗಟ್ಟಿಯಾಗಿ ನಕ್ಕರು.

"ಗುಂಡು ಸಪ್ಪಳ ಮಾಡ್ತದ ಅಂತ ಕೋವಿ ಯಾಕ ಬಿಡ್ತೀರಿ, ಪೊನ್ನಮ್ಮ? ಗುಂಡಿಗೇ ಸಾವಕಾಶ ಹೋಗು ಅಂತ ಹೇಳ್ರಿ!"

ವಿಷಯ ಇಷ್ಟೇ. ಸಾಮಾನ್ಯ ರೈಫಲ್ ಗುಂಡು ಶಬ್ದಕ್ಕಿಂತ ವೇಗವಾಗಿ ಓಡುತ್ತದೆ. ಹಾಗೆ ಓಡುವಾಗ ಗಾಳಿಯಲ್ಲೇ ಛಟೀರ್ ಅನ್ನುತ್ತದೆ. ಆ ಛಟೀರ್ ಅನ್ನು ಯಾವ ಸೈಲೆನ್ಸರ್ ಕೂಡ ತಡೆಯಲಾರದು. ಗುಂಡು ಶಬ್ದಕ್ಕಿಂತ ನಿಧಾನಕ್ಕೆ ಹೋದರೆ ಛಟೀರ್ ಇಲ್ಲ. ಕೋವಿಯ ಬಾಯಿಂದ ಬರುವ ಸದ್ದನ್ನು ಸೈಲೆನ್ಸರ್ ನೋಡಿಕೊಳ್ಳುತ್ತದೆ. (ಟೆಕ್ಸಸ್‌ನಲ್ಲಿ ಅರ್ಜಿ ಹಾಕಿ, ಒಪ್ಪಿಗೆ ಬಂದರೆ ಇಟ್ಟುಕೊಳ್ಳಬಹುದು.) ಇಂಗ್ಲಿಷಿನವರು ಇದಕ್ಕೆ ಸಬ್‌ಸಾನಿಕ್ ಅಂತಾರೆ. ನಮ್ಮ ಮನೆಯಲ್ಲಿ ಅದರ ಹೆಸರು ಸಾವಕಾಶ ಗುಂಡು.

ಅಂಗಡಿಯಲ್ಲಿ ಬೆಲೆ ವಿಚಾರಿಸಿದೆ. ಗುಂಡು ತಾಗುವ ಮೊದಲೇ ನಾನು ಬೀಳುವ ಹಾಗಾಯಿತು. ಅಂಕಲ್ ಅದಕ್ಕೂ ದಾರಿ ತೋರಿಸಿದರು. ಖಾಲಿ ತೋಟಾಗಳನ್ನು, ಅಂದರೆ ಗುಂಡು ಹೊಡೆದ ಮೇಲೆ ಉಳಿಯುವ ಹಿತ್ತಾಳೆ ಕವಚಗಳನ್ನು, ಆರಿಸಿ ತಂದು, ಉಜ್ಜಿ ತೊಳೆದು, ಮದ್ದು ಗುಂಡು ತುಂಬಿ ಮತ್ತೆ ಬಳಸುವುದು. ಇಲ್ಲಿ ತುಂಬಾ ಜನ ಮನೆಯಲ್ಲೇ ಮಾಡಿಕೊಳ್ಳುತ್ತಾರಂತೆ. ಸರಿ, ನಮ್ಮ ಗ್ಯಾರೇಜಿನಲ್ಲಿ ಲಾನ್ ಮೋವರ್ ಒಂದು ಮೂಲೆಗೆ ಹೋಯಿತು, ಅದರ ಜಾಗಕ್ಕೆ ಗಟ್ಟಿ ಮೇಜು ಬಂತು. ತೋಟಾ ತೊಳೆಯುವ ಯಂತ್ರ ಮೊದಲ ಸಲ ಗಡಗಡ ಅಂದಾಗ ಮಗಳು ನಿಧಿ ಒಳಗಿನಿಂದ ಕೂಗಿದಳು: "ಡ್ಯಾಡ್, ಆರ್ ವಿ ಹ್ಯಾವಿಂಗ್ ದೋಸಾ?"

ತಿಂಗಳುಗಟ್ಟಲೆ ಅಂಕಲ್ ಪಾಠ ಮಾಡಿದರು. ಅವರ ಪಾಠವೆಲ್ಲ ಒಂದೇ ಮಾತಿನ ಸುತ್ತ ತಿರುಗುತ್ತಿತ್ತು. "ಪುಸ್ತಕದಾಗ ಎಷ್ಟು ಬರದಾರೋ ಅಷ್ಟ ಹಾಕ್ರಿ. ಅಂದಾಜಿನ ಮ್ಯಾಲೆ ಅಡಿಗಿ ಮಾಡ್ರಿ, ಇದನ್ನಲ್ಲ." ಮದ್ದು ಹೆಚ್ಚಾದರೆ ಅಪಾಯ, ಅದು ನನಗೂ ಗೊತ್ತಾಗುತ್ತದೆ. ಆದರೆ ಸಾವಕಾಶ ಗುಂಡಿಗೆ ಕಡಿಮೆಯಾದರೂ ಅಪಾಯವಂತೆ. ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳುತ್ತದೆ. ಅದು ತಿಳಿಯದೆ ಇನ್ನೊಂದು ಹೊಡೆದರೆ ಕೋವಿಯೇ ಸಿಡಿಯಬಹುದು. ಪಾಠ ಮುಗಿದ ದಿನ ಅಂಕಲ್ ತಮ್ಮ ಹಳೆಯ ತಕ್ಕಡಿಯನ್ನೇ ಪೊನ್ನಮ್ಮನಿಗೆ ಕೊಟ್ಟರು. ಅಕ್ಕಸಾಲಿಗರ ತಕ್ಕಡಿಯಷ್ಟು ನಾಜೂಕು. ಉಸಿರು ಬಿಟ್ಟರೆ ಮುಳ್ಳು ಅಲ್ಲಾಡುತ್ತದೆ.

ಇನ್ನು ಶನಿವಾರಕ್ಕೆ ಬರೋಣ. ಮಾರನೆಯ ದಿನ ಹಬ್ಬ. ಪೊನ್ನಮ್ಮ ಬೆಳಿಗ್ಗೆ ಬೇಗ ಎದ್ದು, ತಕ್ಕಡಿ ಸರಿ ಮಾಡಿ, ಅರ್ಧ ಕೆಲಸ ಮುಗಿಸಿ, ಮದ್ದಿನ ಡಬ್ಬಿ ಮುಚ್ಚಿಟ್ಟು ನಿಧಿಯನ್ನು ಈಜು ಕ್ಲಾಸಿಗೆ ಬಿಡಲು ಹೋದಳು. ನಾನು ಕಾಫಿ ಹಿಡಿದು ಗ್ಯಾರೇಜಿಗೆ ಬಂದೆ. ಅಷ್ಟರಲ್ಲಿ ಮೈಸೂರಿನಿಂದ ಅಮ್ಮನ ವಿಡಿಯೋ ಕಾಲ್. ಅಲ್ಲಿ ದೀಪ ಹಚ್ಚಿ ಕೂತಿದ್ದ ಹೊತ್ತು.

"ಹಿಂದೆ ಅದೇನೋ ಹೊಳೀತಿದೆ?"

"ತಕ್ಕಡಿ ಅಮ್ಮ."

"ತಕ್ಕಡಿ ಅಂದ್ರೆ ಲಕ್ಷ್ಮಿ ಕಣೋ! ಮನೆಗೆ ಬಂದಿರೋ ಲಕ್ಷ್ಮೀನ ಹೀಗಾ ಬೋಳುಬೋಳಾಗಿ ಕೂರಿಸೋದು? ಒಂದು ಬೊಟ್ಟು ಕುಂಕುಮ ಇಡಕ್ಕೂ ಪುರುಸೊತ್ತಿಲ್ವಾ ನಿಮಗೆ?"

ಏನು ತೂಗುತ್ತೀರಿ ಅಂತ ಅಮ್ಮ ಕೇಳಲಿಲ್ಲ. ನಾನೂ ಹೇಳಲಿಲ್ಲ. ಅವರು ನೋಡುತ್ತಿದ್ದ ಹಾಗೇ ಅರಿಶಿನ ಕಲಸಿ ಹಚ್ಚಿ, ಮೇಲೆ ಕುಂಕುಮ ಇಟ್ಟು ಕೈ ಮುಗಿದೆ. ಎಲ್ಲಿ ಹಚ್ಚಿದೆ ಗೊತ್ತಾ? ಮದ್ದು ಹಾಕುವ ತಟ್ಟೆಯ ಅಡಿಯಲ್ಲಿ. ಮದ್ದಿಗೆ ಕುಂಕುಮ ಬೆರೆಯಬಾರದಲ್ಲ! (ನನಗೂ ಅಷ್ಟು ಬುದ್ಧಿ ಇದೆ.)

ಪೊನ್ನಮ್ಮ ವಾಪಸ್ ಬಂದಳು. ಗುನುಗಿಕೊಂಡು ಉಳಿದರ್ಧ ಕೆಲಸವನ್ನೂ ಮುಗಿಸಿದಳು. ಕೊನೆಯಲ್ಲಿ, ಅಂಕಲ್ ಹೇಳಿಕೊಟ್ಟ ಹಾಗೆ, ತೂಕ ಪರೀಕ್ಷಿಸುವ ಪುಟ್ಟ ಬಟ್ಟನ್ನು ತಟ್ಟೆಯಲ್ಲಿಟ್ಟಳು. ಮುಳ್ಳು ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ಮತ್ತೆ ಇಟ್ಟಳು. ಮತ್ತೆ ಅದೇ. ತಟ್ಟೆ ಎತ್ತಿ ತಿರುಗಿಸಿದಳು.

"ಇದೇನಿದು?"

"ಲಕ್ಷ್ಮಿ" ಅಂದೆ.

ಸ್ವಾಮಿ, ಆ ಮುಖ ನೀವು ನೋಡಬೇಕಿತ್ತು. ತಟ್ಟೆಯೇ ಭಾರವಾದರೆ ಅದರೊಳಗೆ ಬೀಳುವ ಮದ್ದು ಅಷ್ಟರಮಟ್ಟಿಗೆ ಕಡಿಮೆ. ಅಂದರೆ ಯಾವುದಾಗಬಾರದು ಅಂತ ಅಂಕಲ್ ಬಡಕೊಂಡಿದ್ದರೋ ಅದೇ ಆಗಿತ್ತು. ಮೊದಲರ್ಧದ ತೋಟಾಗಳು, ಆಮೇಲಿನ ತೋಟಾಗಳು ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಬೆರೆತು ಕೂತಿದ್ದವು. ಯಾವುದು ಸರಿ, ಯಾವುದು ಲಕ್ಷ್ಮೀಕಟಾಕ್ಷದ್ದು?

"ನೀವು ಕೋವಿಗೇ ಗಂಧ ಹಚ್ತೀರಿ, ನಾನು ತಕ್ಕಡಿಗೆ ಕುಂಕುಮ ಇಟ್ರೆ ತಪ್ಪಾ?" ಅಂತ ವಾದ ಹೂಡಿದೆ.

"ಕೋವಿಗೆ ಗಂಧ ಹಚ್ಚಿ ಅದರಲ್ಲಿ ಯಾರೂ ತೂಕ ಹಾಕಲ್ಲ!" ಅಂದಳು.

ಅಂಕಲ್‌ಗೆ ಫೋನ್ ಮಾಡಿದೆವು. ಮೊದಲು ಮನಸಾರೆ ನಕ್ಕರು. "ಲಕ್ಷ್ಮೀ ತೂಕ ಜಾಸ್ತಿ ಆತೇನ್ರೀ!" ಆಮೇಲೆ ದನಿ ಬದಲಾಯಿತು. "ಎಲ್ಲಾ ಬಿಚ್ಚ್ರಿ. ಒಂದೂ ಉಳಸಬ್ಯಾಡ್ರಿ."

ಪೊನ್ನಮ್ಮ ಮೇಜಿನ ಮುಂದೆ ಕುಸಿದು ಕೂತಳು. "ಈ ವರ್ಷನೂ ಬೇಡ ಬಿಡು" ಅಂದಳು. ಬೈಯಲಿಲ್ಲ. ಮತ್ತೆ ಅದೇ ವೇಕೋ ಮೌನ. ನನಗೆ ತಡೆಯಲಾಗಲಿಲ್ಲ. "ಬೇಡ ಅನ್ಬೇಡ. ನಾನು ಕುಟ್ಟಿ ಬಿಚ್ತೀನಿ, ನೀನು ತೂಗು. ಸಂಜೆಯೊಳಗೆ ಮುಗಿಸೋಣ" ಅಂದೆ.

ತುಂಬಿದ ತೋಟಾ ಬಿಚ್ಚಲು ಸುತ್ತಿಗೆಯಂಥ ಒಂದು ಸಾಧನವಿದೆ. ತೋಟಾವನ್ನು ಅದರ ತಲೆಯೊಳಗೆ ಸಿಕ್ಕಿಸಿ ಕುಟ್ಟಿದರೆ ಗುಂಡು ಕಳಚಿ ಬರುತ್ತದೆ. ಮಧ್ಯಾಹ್ನವಿಡೀ ಕುಟ್ಟಿದೆ. ಅವಳು ತಟ್ಟೆ ತೊಳೆದು, ಒರೆಸಿ, ಬಟ್ಟು ಇಟ್ಟು ನೋಡಿ ಮೊದಲಿಂದ ಶುರು ಮಾಡಿದಳು. ಈಜು ಮುಗಿಸಿ ಗೆಳತಿಯ ಮನೆಯವರ ಕಾರಿನಲ್ಲಿ ಬಂದಿಳಿದ ನಿಧಿ ಕಣ್ಣರಳಿಸಿ, "ಯೂ ಬ್ಲೆಸ್ಡ್ ದ ಸ್ಕೇಲ್?" ಅಂತ ಕೇಳಿ ಬಿದ್ದು ಬಿದ್ದು ನಕ್ಕಳು. ಮದ್ದು ತೂಗುವಾಗ ಪೊನ್ನಮ್ಮ ಮಾತಾಡುವುದಿಲ್ಲ. ನಡುವೆ ಡಬ್ಬಿ ಮುಚ್ಚಿಟ್ಟು ಕಾಫಿಗೆ ನಿಂತಾಗ ಮಾತ್ರ ಮಾತಾಡಿದಳು. ಅಣ್ಣಂದಿರ ಕಥೆ, ಮೊದಲ ಸಲ ಕೋವಿ ಹಿಡಿದಾಗ ಭುಜಕ್ಕೆ ಬಿದ್ದ ಪೆಟ್ಟು, ಗೆದ್ದ ತೆಂಗಿನಕಾಯಿಯನ್ನು ಯಾರಿಗೂ ಕೊಡದೆ ಒಬ್ಬಳೇ ತಿಂದದ್ದು. ಇಷ್ಟು ವರ್ಷದಲ್ಲಿ ಇದ್ಯಾವುದನ್ನೂ ನಾನು ಕೇಳಿರಲೇ ಇಲ್ಲ. ನಾವೆಲ್ಲ ಎಲ್ಲಿಗೆ ಓಡುತ್ತಿರುತ್ತೇವೆ ಹೇಳಿ? ಮೀಟಿಂಗಿನಿಂದ ಕ್ಲಾಸಿಗೆ, ಕ್ಲಾಸಿನಿಂದ ಹೈವೇಗೆ. ಒಂದು ವಸ್ತು ನಿಧಾನಕ್ಕೆ ಹೋಗಲಿ ಅಂತ ಗಂಡ ಹೆಂಡತಿ ಇಬ್ಬರೂ ಕೂತು ಬೆವರು ಸುರಿಸಿದ್ದು ನಮ್ಮ ಮನೆಯಲ್ಲಿ ಅದೇ ಮೊದಲು. ನನಗಂತೂ ಬಲು ಖುಷಿಯಾಯಿತು.

ಭಾನುವಾರ ಜಾರ್ಜ್‌ಟೌನ್‌ನಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಹ್ಯೂಸ್ಟನ್‌ನವರು ಕೂಲರ್ ತುಂಬ ಹಂದಿಮಾಂಸದ ಪಂದಿ ಕರಿ ತಂದಿದ್ದರು. ಮಾಂಸ ತಿನ್ನದ ನನಗೆ ಅಕ್ಕಿತರಿಯ ಉಂಡೆ ಕಡಂಬಿಟ್ಟು ಮತ್ತು ಕುಂಬಳಕಾಯಿ ಕರಿ. ಕೋವಿಗಳಿಗೆ ಪೂಜೆಯಾಯಿತು. (ನಾನು ಕೈ ಕಟ್ಟಿಕೊಂಡು ದೂರ ನಿಂತಿದ್ದೆ. ಯಾರೂ ನನ್ನ ಕೈಗೆ ಕುಂಕುಮ ಕೊಡಲಿಲ್ಲ.) ಅಂಕಲ್ ಮಣ್ಣಿನ ದಿಬ್ಬದ ಮುಂದೆ ತೆಂಗಿನಕಾಯಿ ಇಟ್ಟು ಬಂದು, ಎಲ್ಲರನ್ನೂ ಹಿಂದೆ ನಿಲ್ಲಿಸಿದರು.

ಪೊನ್ನಮ್ಮ ಕಿವಿಗೆ ಇಯರ್‌ಮಫ್ ಹಾಕಿಕೊಂಡಳು. ಮೆಲ್ಲನೆಯ ಸದ್ದನ್ನು ಒಳಗೆ ಬಿಟ್ಟು, ಜೋರು ಸದ್ದನ್ನು ಮಾತ್ರ ತಡೆಯುವ ಎಲೆಕ್ಟ್ರಾನಿಕ್ ಜಾತಿಯದು. ಗುಂಡು ಮೆಲ್ಲಗಾದರೂ ಇದು ಬೇಕೇ ಬೇಕು ಅಂತ ಡಾಕ್ಟರು ಹೇಳಿ, ಅಷ್ಟರ ಮೇಲೆ ಒಪ್ಪಿದ್ದರು. ನನಗೆ ಮಾತ್ರ ಒಂದೇ ಚಿಂತೆ. ಒಂದು ಕುಂಕುಮದ ಕಣವಾದರೂ ಎಲ್ಲಾದರೂ ಉಳಿದಿದ್ದರೆ?

ದಿಂಬಿಗೆ ಗುದ್ದಿದಷ್ಟು ಸದ್ದು. ಅಷ್ಟೇ! ದಿಬ್ಬದಲ್ಲಿ ಮಣ್ಣು ಚಿಮ್ಮಿತು. ತೆಂಗಿನಕಾಯಿ ಕದಲಲಿಲ್ಲ. ಅಂಕಲ್ ನಳಿಗೆ ಖಾಲಿ ಇದೆಯಾ ಅಂತ ನೋಡಿ, "ಹೊಡೀರಿ" ಅಂದರು. ಮತ್ತೊಂದು ಗುದ್ದು. ಈ ಸಲ ಕಾಯಿ ಎರಡು ಹೋಳಾಗಿ, ನೀರು ಬಿಸಿಲಲ್ಲಿ ಫಳ್ ಅಂತ ಹಾರಿತು. ಹಿಂದೆ ನಿಂತವರೆಲ್ಲ ಹೋ ಅಂತ ಕೂಗಿದರು. ನಾನು ಎಲ್ಲರಿಗಿಂತ ಜೋರಾಗಿ ಕೂಗಿದೆ, ಕಣ್ಣಲ್ಲಿ ನೀರೂ ಬಂತು.

ಪೊನ್ನಮ್ಮ ಕೋವಿ ಕೆಳಗಿಟ್ಟು, ಇಯರ್‌ಮಫ್ ತೆಗೆದು, ನನ್ನ ಕಡೆ ತಿರುಗಿದಳು. ಮುಖದ ತುಂಬ ನಗು.

"ಇಷ್ಟು ವರ್ಷ ನನಗೆ ಹೊಡೆದದ್ದು ಮಾತ್ರ ಕೇಳಿಸ್ತಿತ್ತು ಕಣೋ. ಇವತ್ತು ಒಡೆದದ್ದು ಕೇಳಿಸ್ತು!"

ಕೋವಿಗೊಂದು ಹಬ್ಬ ಇರುವಾಗ, ಕಿವಿಗೂ ಒಂದು ಬೇಡವೇ?