ದೊಡ್ಡ ತೂತಿನ ವಿಸ್ಕೋಮೀಟರ್

ಬಸವನ ಬಾಗೇವಾಡಿಯ ನಮ್ಮ ಪದವಿ ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ ಎಂಟು ಹೊಸ ವಿಸ್ಕೋಮೀಟರ್‌ಗಳಿವೆ. ಅವನ್ನು ನೋಡಿದಾಗಲೆಲ್ಲ ನನಗೆ ಮೈಯೆಲ್ಲ ಉರಿಯುತ್ತದೆ. ಒಂದೊಂದನ್ನೇ ಎತ್ತಿ ಕಲ್ಲಿಗೆ ಅಪ್ಪಳಿಸಬೇಕು ಅನ್ನಿಸುತ್ತದೆ. ಗಾಜು ಪಾಪ ಏನು ಮಾಡೀತು? ತಪ್ಪು ಆರಿಸಿದವರದ್ದು. ಆರಿಸಿದವರಲ್ಲಿ ನಾನೂ ಒಬ್ಬಳು.

ಅದೊಂದು ಎರಡು ಕಾಲಿನ ಗಾಜಿನ ನಳಿಕೆ. ಒಂದು ಕಾಲಿನಲ್ಲಿ ಪುಟ್ಟ ಬುರುಡೆ, ಅದರ ಕೆಳಗೆ ಕೂದಲೆಳೆಯಂಥ ತೂತು. ಬುರುಡೆಯ ಮೇಲಿನ ಗೆರೆಯಿಂದ ಕೆಳಗಿನ ಗೆರೆಗೆ ದ್ರವ ಇಳಿಯಲು ಎಷ್ಟು ಸೆಕೆಂಡು ಹಿಡಿಯಿತು ಎಂದು ಅಳೆದು, ಅದು ನೀರಿಗಿಂತ ಎಷ್ಟು ಜಿಗುಟು ಎಂದು ಲೆಕ್ಕ ಹಾಕಬೇಕು. ಎಣ್ಣೆಗೆ ದೊಡ್ಡ ತೂತು, ನೀರಿನಂಥ ತೆಳು ದ್ರವಕ್ಕೆ ಸಣ್ಣ ತೂತು. ಚಿಟಿಕೆ ಹೊಡೆಯುವಷ್ಟರಲ್ಲಿ ಇಳಿದುಬಿಟ್ಟರೆ ಸ್ಟಾಪ್‌ವಾಚ್ ಒತ್ತುವ ಬೆರಳಿನ ತಡವೇ ಲೆಕ್ಕವನ್ನೆಲ್ಲ ಕೆಡಿಸುತ್ತದೆ. ನಳಿಕೆ ಆರಿಸಲು ಇದಕ್ಕಿಂತ ದೊಡ್ಡ ವಿದ್ಯೆ ಬೇಕಿಲ್ಲ. ಅಷ್ಟನ್ನೂ ನಾವು ಮಾಡಲಿಲ್ಲ.

ನಮ್ಮ ಹಳೆಯ ನಳಿಕೆಗಳು ಸಣ್ಣ ತೂತಿನವೇ. ಆದರೆ ಡಿಸ್ಟಿಲ್ಡ್ ವಾಟರ್ ಯಂತ್ರ ಕೆಟ್ಟು ಕೂತ ಮೇಲೆ ಅವನ್ನು ಬೋರ್‌ವೆಲ್ ನೀರಿನಲ್ಲೇ ತೊಳೆದೆವು. ಇಲ್ಲಿಯ ಬೋರ್‌ವೆಲ್ ನೀರು ಸ್ಟೀಲ್ ಲೋಟದ ಮೇಲೂ ಬಿಳಿ ಕಲೆ ಬಿಡುವಂಥದ್ದು, ಕೂದಲೆಳೆಯಂಥ ತೂತನ್ನು ಬಿಟ್ಟೀತೇ? ಒಂದೊಂದಾಗಿ ಎಲ್ಲವೂ ಕಟ್ಟಿಕೊಂಡವು. ಆಗ ಹೊಸವನ್ನು ತರಿಸುವ ಮಾತು ಬಂತು. ನಮ್ಮ ವಿಭಾಗದ ಮುಖ್ಯಸ್ಥರು ಕ್ಯಾಟಲಾಗ್ ತಿರುವಿ, ಎಲ್ಲಕ್ಕಿಂತ ದೊಡ್ಡ ತೂತಿನದಕ್ಕೆ ಬೆರಳಿಟ್ಟರು.

"ಇವನ್ನ ಬರೀರಿ ಮೇಡಂ. ಮತ್ತ ಕಟ್ಟಂಗಿಲ್ಲ."

"ಸರ್, ಅದು ಎಣ್ಣಿಗೆ ಹಚ್ಚೂದ್ರಿ. ನೀರು ಭಡಕ್ಕನ ಇಳದು ಹೊಕ್ಕೈತಿ."

"ಇಳೀಲಿ ಬಿಡ್ರಿ. ಪ್ರಾಕ್ಟಿಕಲ್ಲೂ ಲಗೂ ಮುಗೀತೈತಿ."

ನಾನು ಇನ್ನೊಂದು ಮಾತು ಆಡಬಹುದಿತ್ತು. ಆದರೆ ಮುದ್ದೇಬಿಹಾಳದ ಬಸ್ಸಿಗೆ ಹೊತ್ತಾಗಿತ್ತು, ಅದು ತಪ್ಪಿದರೆ ಮನೆ ಸೇರುವುದು ತಡವಾಗುತ್ತಿತ್ತು. ಖರೀದಿಯ ಇಂಡೆಂಟಿಗೆ ಸಹಿ ಒಗೆದು ಓಡಿದೆ. ಈಗ ಆ ಸಹಿ ನೆನೆದರೆ ನನ್ನ ಕೈಯನ್ನೇ ಕಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಹೊಸ ನಳಿಕೆಗಳು ಬಂದವು. ನೀರು ಆರು ಸೆಕೆಂಡಿನಲ್ಲಿ ಇಳಿಯಿತು. ಒಮ್ಮೆ ಐದೂವರೆ, ಒಮ್ಮೆ ಆರೂವರೆ. ಮುಖ್ಯಸ್ಥರು ತಲೆ ಕೆಡಿಸಿಕೊಳ್ಳಲಿಲ್ಲ. ಹಳೆಯ ರೆಕಾರ್ಡ್ ಪುಸ್ತಕ ತೆಗೆದು, "ನೀರಿಗೆ ನೂರಾ ಹನ್ನೆರಡ ಸೆಕೆಂಡ್ ಅಂತ ಬರ್ಕೋರಿ" ಎಂದು ಮಕ್ಕಳಿಗೆ ಹೇಳಿಬಿಟ್ಟರು. ಇಡೀ ಕ್ಲಾಸು ಬರೆದುಕೊಂಡಿತು. ಬರೆಯದೆ ಉಳಿದವಳು ಒಬ್ಬಳೇ, ಗೊಳಸಂಗಿಯಿಂದ ಬರುವ ಹುಡುಗಿ. ಎಂ.ಎಸ್ಸಿ. ಮಾಡಿಯೇ ತೀರುತ್ತೇನೆ ಎಂದು ಹಟ ಹಿಡಿದವಳು. ಪ್ರಾಕ್ಟಿಕಲ್ ಅಂಕ ಕಡಿಮೆಯಾದರೆ ಆಕೆಗೆ ಸೀಟು ಸಿಗುವುದಿಲ್ಲ ಎಂಬುದು ನಮಗೆಲ್ಲ ಗೊತ್ತಿತ್ತು.

ಪರೀಕ್ಷೆಗೆ ವಾರ ಇರುವಾಗ ಆಕೆ ಹಳೆಯ ನಳಿಕೆಯೊಂದನ್ನು ಬೆಳಕಿಗೆ ಹಿಡಿದು ಕೇಳಿದ್ದಳು.

"ಮೇಡಂ, ನಮ್ಮ ಮನ್ಯಾಗ ನೀರು ಕಾಸೋ ಕರೆಂಟ್ ರಾಡಿಗೆ ಹಿಂಗ ಬಿಳೀ ಹಕ್ಕಳಿ ಕಟ್ಟತೈತ್ರಿ. ಅವ್ವ ಲಿಂಬಿಹಣ್ಣು ತಿಕ್ಕಿ ತೆಗೀತಾಳ. ಇದಕ್ಕ ಆಸಿಡ್ ಹಾಕಿ ನೋಡೂಣೇನ್ರಿ?"

"ಪರೀಕ್ಷೆ ಮುಗೀಲಿ, ನೋಡೂಣು" ಅಂದೆ ನಾನು. ಆವತ್ತೂ ಬಸ್ಸಿನ ಹೊತ್ತಾಗಿತ್ತು.

ಪರೀಕ್ಷೆಗೆ ಇಂಡಿಯಿಂದ ಹೊರಗಿನ ಪರೀಕ್ಷಕರೊಬ್ಬರು ಬಂದರು. ಎಲ್ಲರ ಉತ್ತರಪತ್ರಿಕೆಯಲ್ಲೂ ನೂರಾ ಹನ್ನೆರಡು. ಈ ಹುಡುಗಿಯದರಲ್ಲಿ ಮಾತ್ರ ಆರು, ಐದೂವರೆ, ಆರೂವರೆ. ಕೆಳಗೆ ಒಂದು ಸಾಲು: ಈ ನಳಿಕೆ ಈ ದ್ರವಕ್ಕೆ ಸರಿಯಾದದ್ದಲ್ಲ. ಪರೀಕ್ಷಕರು ಅದರ ಮೇಲೆ ಕೆಂಪು ಗೆರೆ ಎಳೆದರು.

"ಸರ್, ನೀರು ಖರೇನ ಆರು ಸೆಕೆಂಡಿನ್ಯಾಗ ಇಳೀತ್ರಿ. ನೀವ ನೋಡ್ರಿ ಬೇಕಾದ್ರ" ಅಂದಳು ಹುಡುಗಿ.

"ನಿನಗ ವಾಚ್ ಹಿಡ್ಯಾಕ ಬರಂಗಿಲ್ಲವಾ. ಉಳದವ್ರಿಗೆಲ್ಲ ಬಂದದ್ದು ನಿನಗೊಬ್ಬಾಕಿಗೆ ಯಾಕ ಬರ್ಲಿಲ್ಲ?" ಅಂದರು ನಮ್ಮ ಮುಖ್ಯಸ್ಥರು. ಸುಳ್ಳನ್ನು ಬರೆಸಿದ ಅದೇ ಬಾಯಿ!

ಆಕೆ ನನ್ನ ಕಡೆ ನೋಡಿದಳು. ನಾನು ಬ್ಯುರೆಟ್ ಒರೆಸುತ್ತ ನಿಂತೆ. ಆ ಬ್ಯುರೆಟ್ ಮೊದಲೇ ಒಣಗಿತ್ತು.

ಪರೀಕ್ಷಕರು ಮುಖ್ಯಸ್ಥರ ಕೋಣೆಗೆ ಚಹಾಕ್ಕೆ ಹೋದರು. ಲ್ಯಾಬ್ ಖಾಲಿಯಾಯಿತು. ನಾನು ಹಳೆಯ ನಳಿಕೆಯೊಂದನ್ನು ತೆಗೆದು, ತೆಳು ಹೈಡ್ರೋಕ್ಲೋರಿಕ್ ಆಸಿಡ್ ಸುರಿದೆ. ಸಣ್ಣಗೆ ಗುಳ್ಳೆ ಎದ್ದವು. ಸ್ವಲ್ಪ ಹೊತ್ತಿನಲ್ಲೇ ತೂತು ಬಿಟ್ಟುಕೊಂಡಿತು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನ ಡಬ್ಬಿಯಿಂದ ತೊಳೆದು, ಅದೇ ನೀರು ತುಂಬಿಸಿ ಬಿಟ್ಟೆ. ನೂರಾ ಹತ್ತು ಸೆಕೆಂಡು ಮತ್ತು ಚಿಲ್ಲರೆ. ವರ್ಷಗಟ್ಟಲೆ ರಸಾಯನಶಾಸ್ತ್ರ ಹೇಳಿಕೊಟ್ಟ ನಾವಿಬ್ಬರು, ಕಪಾಟಿನಲ್ಲೇ ಇದ್ದ ಸೀಸೆಯ ಮುಚ್ಚಳ ತೆಗೆಯದೆ ಎಂಟು ತಪ್ಪು ನಳಿಕೆ ತರಿಸಿದ್ದೆವು.

ನಳಿಕೆ ಹಿಡಿದೇ ಗೇಟಿನವರೆಗೆ ಓಡಿದೆ. ಹುಡುಗಿ ಗೊಳಸಂಗಿಯ ಬಸ್ಸಿಗೆ ಕಾಯುತ್ತಿದ್ದಳು.

"ನೀ ಬರದದ್ದು ಸರಿ ಐತಿ. ಆಸಿಡ್ ಹಾಕಿದೆ, ತೂತು ಬಿಡ್ತು" ಅಂದೆ.

"ನನಗ ಗೊತ್ತೈತ್ರಿ ಮೇಡಂ. ಗೊತ್ತಿದ್ದಾಕಿಗೆ ಬಂದು ಹೇಳಾಕತ್ತೀರಿ. ಒಳಗ ಕುಂತವ್ರಿಗೆ ಯಾಕ ಹೇಳ್ಲಿಲ್ರಿ?"

ಅಷ್ಟರಲ್ಲಿ ನನ್ನ ಮುದ್ದೇಬಿಹಾಳದ ಬಸ್ಸು ಬಂದು ನಿಂತಿತು. ಕಂಡಕ್ಟರ್ ಗುರುತು ಹಿಡಿದು ಕೈ ಮಾಡಿದ. ನಾನು ಹತ್ತಲಿಲ್ಲ.

ಮುಖ್ಯಸ್ಥರ ಕೋಣೆಯಲ್ಲಿ ಪರೀಕ್ಷಕರು ಅಂಕಪಟ್ಟಿಯ ಲಕೋಟೆಗೆ ಅಂಟು ಹಚ್ಚುತ್ತಿದ್ದರು. "ಅಂಟಿಸಬ್ಯಾಡ್ರಿ. ಆ ತಪ್ಪು ನಳಿಕಿಗೆ ಸಹಿ ಮಾಡ್ದಾಕಿ ನಾನ" ಅಂದೆ. ಹಳೆಯದೊಂದು ಹೊಸದೊಂದು ಮೇಜಿನ ಮೇಲಿಟ್ಟು, ಪರೀಕ್ಷಕರ ಕೈಗೇ ವಾಚ್ ಕೊಟ್ಟೆ. ಹೊಸದರಲ್ಲಿ ಅವರಿಗೂ ಆರು ಸೆಕೆಂಡೇ ಬಂತು. ಅವರು ಹುಡುಗಿಯ ಪತ್ರಿಕೆ ಹೊರತೆಗೆದು, ಕೆಂಪು ಗೆರೆಯನ್ನು ಹೊಡೆದುಹಾಕಿ, ಪೂರ್ತಿ ಅಂಕ ಕೊಟ್ಟರು. ಆಕೆ ಈಗ ಎಂ.ಎಸ್ಸಿ. ಓದುತ್ತಿದ್ದಾಳೆ.

ಉಳಿದವರ ನೂರಾ ಹನ್ನೆರಡು ಎಲ್ಲಿಂದ ಬಂತು ಎಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ. ಈ ವರ್ಷದ ಮಕ್ಕಳೂ ಅದನ್ನೇ ಬರೆದುಕೊಂಡಿದ್ದಾರೆ ಎಂದು ಮೊನ್ನೆ ಗೊತ್ತಾಯಿತು.